ಅತಿಭಾರಾರೋಪಣವೂ ದೊಡ್ಡ ಕಂಪನಿಯ ದುಡಿಮೆಯೂ

ಶ್ರಾವಕನ ಅಹಿಂಸಾಣುವ್ರತಕ್ಕೆ ಪೂರ್ವಾಚಾರ್ಯರು ಐದು ಅತಿಚಾರಗಳನ್ನು ಗುರುತಿಸಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಈ ಐದನ್ನು ಪಾಠಶಾಲೆಯ ಮಕ್ಕಳೂ ಬಾಯಿಪಾಠವಾಗಿ ಒಪ್ಪಿಸಬಲ್ಲರು. ಮೊದಲ ಮೂರು ಕಣ್ಣಿಗೆ ಕಾಣುವ ಹಿಂಸೆಗಳು. ಅವುಗಳನ್ನು ಮಾಡುವವನಿಗೆ ತಾನು ಮಾಡುತ್ತಿರುವುದು ಏನೆಂದು ತಿಳಿದಿರುತ್ತದೆ. ಉಳಿದ ಎರಡು ವ್ಯವಹಾರದ ಒಳಗೆ, ಲೆಕ್ಕದ ಪುಸ್ತಕದ ಮರೆಯಲ್ಲಿ, ಒಂದು ಹನಿ ರಕ್ತವೂ ಚೆಲ್ಲದಂತೆ ನಡೆಯುತ್ತವೆ. ತಾಳಲಾರದಷ್ಟು ಹೊರೆ ಹೊರಿಸುವುದು ಒಂದು; ಹೊತ್ತಿಗೆ ಸಲ್ಲಬೇಕಾದ ಅನ್ನಪಾನಗಳನ್ನು ತಡೆಹಿಡಿಯುವುದು ಇನ್ನೊಂದು. ಎತ್ತಿನ ಗಾಡಿಯಲ್ಲಿ ಸರಕು ಸಾಗುತ್ತಿದ್ದ ಕಾಲದಲ್ಲಿ ಇವುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂದು ಗಾಡಿ ಹೋಗಿದೆ, ಅತಿಚಾರ ಹೋಗಿಲ್ಲ. ಅದು ಹವಾನಿಯಂತ್ರಿತ ಕಟ್ಟಡದೊಳಗೆ ಪ್ರವೇಶಿಸಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಕುಳಿತಿದೆ.

ದೊಡ್ಡ ತಂತ್ರಜ್ಞಾನ ಕಂಪನಿಗಳ ಉದ್ಯೋಗವನ್ನು ಕುರಿತು ಸಮಾಜದಲ್ಲಿ ಎರಡು ಬಗೆಯ ಮಾತುಗಳು ಪ್ರಚಲಿತವಾಗಿವೆ. ಮಗನಿಗೋ ಮಗಳಿಗೋ ಅಲ್ಲಿ ಕೆಲಸ ಸಿಕ್ಕಿದರೆ ಜನ್ಮ ಸಾರ್ಥಕವಾಯಿತೆಂಬುದು ಒಂದು. ಅದು ರಕ್ತ ಹೀರುವ ಯಂತ್ರವೆಂಬುದು ಮತ್ತೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಏಕಾಂತ ದೃಷ್ಟಿಯನ್ನು ಬಿಟ್ಟು ನೋಡಬಲ್ಲವರಿಗೆ ಉಳಿಯುವ ಪ್ರಶ್ನೆ ಇಷ್ಟು: ಅಲ್ಲಿ ಹೊರೆಗೆ ಮಿತಿ ಉಂಟೇ? ಕೊಡುವುದಕ್ಕೂ ಕೊಳ್ಳುವುದಕ್ಕೂ ಅಳತೆಗೋಲು ಒಂದೇ ಉಂಟೇ?

ಬೆಂಗಳೂರಿನಿಂದ ಪೂರ್ವಕ್ಕೆ ಸಾಗುವ ಹಳೇ ಮದರಾಸು ರಸ್ತೆಯಲ್ಲಿ ಈ ಪ್ರಶ್ನೆಯ ಎರಡು ಅಧ್ಯಾಯಗಳಿವೆ. ಮೊದಲನೆಯದು ದೂರವಾಣಿನಗರದಲ್ಲಿ ಆರಂಭವಾಯಿತು. 1948ರಲ್ಲಿ ಸ್ಥಾಪನೆಗೊಂಡ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅಂದಿನ ಮಟ್ಟಿಗೆ ದೊಡ್ಡ ತಂತ್ರಜ್ಞಾನ ಸಂಸ್ಥೆಯೇ ಸರಿ. ದೇಶದ ಮನೆ ಮನೆಗಳಲ್ಲಿ ಗಂಟೆ ಬಾರಿಸಿದ ದೂರವಾಣಿಗಳು ಅಲ್ಲಿ ತಯಾರಾದವು. ಕಾರ್ಖಾನೆಯ ಜೊತೆಗೆ ವಸತಿಗೃಹ, ಶಾಲೆ, ಆಸ್ಪತ್ರೆಗಳು ಬಂದವು. ಕಾರ್ಮಿಕ ಸಂಘವೂ ಬಂತು. ಅಲ್ಲಿಯೂ ಏಳುಬೀಳುಗಳಿದ್ದವು. 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಬೆಂಗಳೂರಿನ ಸಾರ್ವಜನಿಕ ರಂಗದ ಕಾರ್ಖಾನೆಗಳ ನೌಕರರು 77 ದಿನ ಮುಷ್ಕರ ಹೂಡಿದರು. ಉದಾರೀಕರಣದ ತರುವಾಯ ಸ್ಪರ್ಧೆಯನ್ನು ತಾಳಲಾರದೆ ಸಂಸ್ಥೆ ಸೊರಗಿತು. ಸೋಮಾರಿತನವೂ ಅಲ್ಲಿ ಇದ್ದಿತೆಂದು ಟೀಕಿಸುವವರ ಮಾತನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೆ ಒಬ್ಬ ಫಿಟ್ಟರನು ಬೆಳಿಗ್ಗೆ ಒಳಗೆ ಹೋದರೆ ಎಷ್ಟು ಹೊತ್ತಿಗೆ ಹೊರಗೆ ಬರುವನೆಂಬುದು ಅವನ ಹೆಂಡತಿಗೆ ಗೊತ್ತಿತ್ತು. ತಿಂಗಳ ಕೊನೆಗೆ ಎಷ್ಟು ಹಣ ಬರುವುದೆಂಬುದು ಬೀದಿಯ ದಿನಸಿ ಅಂಗಡಿಯವನಿಗೂ ಗೊತ್ತಿತ್ತು.

ಅದೇ ರಸ್ತೆಯಲ್ಲಿ ಹೊಸಕೋಟೆಯನ್ನು ದಾಟಿ ಮುಂದೆ ಹೋದರೆ ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಎರಡನೆಯ ಅಧ್ಯಾಯ ಅಲ್ಲಿಯದು. ತೈವಾನಿನ ವಿಸ್ಟ್ರಾನ್ ಕಂಪನಿಯು ಅಮೆರಿಕದ ಆಪಲ್ ಕಂಪನಿಗಾಗಿ ಐಫೋನುಗಳನ್ನು ಜೋಡಿಸುತ್ತಿದ್ದ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ರೊಚ್ಚಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಧ್ವಂಸ ಮಾಡಿದರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ವಸ್ತುಗಳ ಮೇಲೆ ತೀರಿಸಿಕೊಂಡ ಈ ಕ್ರೋಧವೂ ಹಿಂಸೆಯೇ ಆಗಿದ್ದು, ಅದನ್ನು ಸಮರ್ಥಿಸಲು ಯಾವ ಸಿದ್ಧಾಂತವೂ ಒದಗಲಾರದು. ಆದರೆ ಕ್ರೋಧ ಕಷಾಯವನ್ನು ಖಂಡಿಸಿದ ಮಾತ್ರಕ್ಕೆ ಅದನ್ನು ಹೊತ್ತಿಸಿದ ಲೋಭ ಕಷಾಯಕ್ಕೆ ಕ್ಷಮೆ ದೊರೆಯುವುದಿಲ್ಲ.

ರಾಜ್ಯದ ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಪರಿಶೀಲಿಸಿದಾಗ ಕಂಡುದೇನು? ಅಲ್ಪ ಕಾಲದಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರ ಲೆಕ್ಕಪತ್ರ ಇಡಬಲ್ಲ ಸಿಬ್ಬಂದಿ ವಿಭಾಗವೇ ಸರಿಯಾಗಿ ಇರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಹಿಗ್ಗಿತ್ತು. ಹಾಜರಾತಿ ದಾಖಲಿಸುವ ವ್ಯವಸ್ಥೆ ಕೆಟ್ಟು ತಿಂಗಳುಗಳೇ ಆಗಿದ್ದರೂ ಸರಿಪಡಿಸಿರಲಿಲ್ಲ. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ತಿಂಗಳಿಗೆ 21,000 ರೂಪಾಯಿ ಎಂದು ಹೇಳಿ ಕರೆತಂದ ಇಂಜಿನಿಯರಿಂಗ್ ಪದವೀಧರರಿಗೆ ಕೈಗೆ ಬಂದುದು ಮೊದಲು 16,000, ಆಮೇಲೆ 12,000 ಎಂಬ ದೂರು ಅಂದಿನ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಒಂದು ವಾರದೊಳಗೆ ಕಂಪನಿಯೇ, ಕೆಲವು ಕಾರ್ಮಿಕರಿಗೆ ಸರಿಯಾಗಿ ಅಥವಾ ಸಕಾಲಕ್ಕೆ ವೇತನ ಪಾವತಿಯಾಗಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೋರಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಆಪಲ್ ಕಂಪನಿಯು ವಿಸ್ಟ್ರಾನನ್ನು ಕೆಲಕಾಲ ಪರಿವೀಕ್ಷಣೆಯಲ್ಲಿ ಇರಿಸಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಗೆ ಬಂತು. ವಾಚಕರು ಗಮನಿಸಬೇಕಾದುದು ಇಷ್ಟೇ: ಪ್ರಪಂಚದಲ್ಲಿಯೇ ಅತ್ಯಂತ ನಿಖರವಾದ ಯಂತ್ರವನ್ನು ತಯಾರಿಸುವ ಕಾರ್ಖಾನೆಗೆ, ಮನುಷ್ಯನು ಎಷ್ಟು ಗಂಟೆ ದುಡಿದನೆಂದು ಎಣಿಸುವ ಯಂತ್ರವನ್ನು ರಿಪೇರಿ ಮಾಡಿಸಲು ಪುರುಸೊತ್ತಿರಲಿಲ್ಲ.

ಈಗ ಬೆಂಗಳೂರು ಗ್ರಾಮಾಂತರಕ್ಕೇ ಬರಬಹುದು. ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರಗಳ ನಡುವಣ 300 ಎಕರೆ ಪ್ರದೇಶದಲ್ಲಿ ಫಾಕ್ಸ್‌ಕಾನ್ ಕಂಪನಿಯ ಐಫೋನ್ ಕಾರ್ಖಾನೆ 2025ರಲ್ಲಿ ಉತ್ಪಾದನೆ ಆರಂಭಿಸಿತು. ಎಂಟು ಒಂಬತ್ತು ತಿಂಗಳಲ್ಲಿ ಸುಮಾರು 30,000 ಜನರನ್ನು ನೇಮಿಸಿಕೊಂಡಿತೆಂದೂ, ಅವರಲ್ಲಿ ನೂರಕ್ಕೆ ಎಂಬತ್ತರಷ್ಟು ಮಂದಿ ಹೆಣ್ಣುಮಕ್ಕಳೆಂದೂ, ಹೆಚ್ಚಿನವರು 19ರಿಂದ 24ರ ವಯಸ್ಸಿನವರೆಂದೂ, ಸರಾಸರಿ ವೇತನ 18,000 ರೂಪಾಯಿಯೆಂದೂ ಆ ವರ್ಷದ ಕೊನೆಯಲ್ಲಿ ಪತ್ರಿಕೆಗಳು ವರದಿ ಮಾಡಿದವು.

ಇದರಲ್ಲಿರುವ ಒಳ್ಳೆಯದನ್ನು ಮೊದಲು ಹೇಳುವುದು ನ್ಯಾಯ. ಹಳ್ಳಿಯ ಹೆಣ್ಣುಮಗಳಿಗೆ ಈ ಮೊದಲು ಇದ್ದ ದಾರಿಗಳಾದರೂ ಯಾವುವು? ವಿಜಯಪುರ, ಶಿಡ್ಲಘಟ್ಟಗಳ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಕುದಿಯುವ ನೀರಿಗೆ ಬೆರಳಿಡುವುದು. ದ್ರಾಕ್ಷಿ ತೋಟದ ದಿನಗೂಲಿ. ದೊಡ್ಡಬಳ್ಳಾಪುರದ ಮಗ್ಗದ ಮನೆ ಅಥವಾ ಸಿದ್ಧ ಉಡುಪಿನ ಕಾರ್ಖಾನೆ. ಅವುಗಳ ಮುಂದೆ ಈ ಉದ್ಯೋಗ ಒಂದು ಮೆಟ್ಟಿಲು ಮೇಲಿನದು. ಬ್ಯಾಂಕಿನಲ್ಲಿ ತನ್ನದೇ ಹೆಸರಿನ ಖಾತೆ, ಭವಿಷ್ಯನಿಧಿ, ಕರೆದೊಯ್ಯುವ ಬಸ್ಸು, ನೆರಳಿರುವ ಕಟ್ಟಡ, ಜೊತೆಗೆ ಓರಗೆಯವರ ಸಹವಾಸ. ತಮ್ಮನ ಕಾಲೇಜಿನ ಶುಲ್ಕ ಕಟ್ಟುವ ಅಕ್ಕನ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ. ಮದುವೆಯ ಮಾತನ್ನು ಎರಡು ವರ್ಷ ಮುಂದೂಡುವ ಧೈರ್ಯವೂ ಅವಳಿಗೆ ಬರುತ್ತದೆ. ಗಣಕ ತಂತ್ರಾಂಶದ ಕಂಪನಿಗಳು ಮಧ್ಯಮ ವರ್ಗಕ್ಕೆ ಮಾಡಿದ ಉಪಕಾರವೂ ಕಡಿಮೆಯದಲ್ಲ. ಶಿಫಾರಸು ಇಲ್ಲದ ಮನೆಯ ಹುಡುಗನಿಗೆ ಪರೀಕ್ಷೆಯ ಅಂಕದ ಮೇಲೆ ಕೆಲಸ ಸಿಕ್ಕಿತು. ಇನ್ಫೋಸಿಸ್ ತನ್ನ ನೌಕರರಿಗೂ ಷೇರುಗಳನ್ನು ಹಂಚಿ, ದುಡಿದವನಿಗೆ ಲಾಭದಲ್ಲಿ ಪಾಲುಂಟೆಂಬ ಮೇಲ್ಪಂಕ್ತಿಯನ್ನು ಹಾಕಿತು. ಇದನ್ನೆಲ್ಲ ಮರೆತು ಟೀಕಿಸುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ.

ಹೀಗಿದ್ದರೂ ಏಣಿಯ ಮೇಲಿನ ಮೆಟ್ಟಿಲು ಎಂಬ ಕಾರಣಕ್ಕೆ ಅದರ ಮೇಲೆ ಎಷ್ಟು ಭಾರವನ್ನಾದರೂ ಹೇರಬಹುದೆಂಬ ವಾದವನ್ನು ಒಪ್ಪಲಾಗದು. 2023ರಲ್ಲಿ ಕರ್ನಾಟಕದ ವಿಧಾನಮಂಡಲವು ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಗಳವರೆಗೆ ದುಡಿಸಲು ಅವಕಾಶ ಮಾಡಿಕೊಟ್ಟಿತು. ಮೂರು ತಿಂಗಳಲ್ಲಿ 75 ಗಂಟೆಗಳಿದ್ದ ಹೆಚ್ಚುವರಿ ದುಡಿಮೆಯ ಮಿತಿಯನ್ನು 144 ಗಂಟೆಗಳಿಗೆ ಏರಿಸಿತು. ಆಪಲ್ ಮತ್ತು ಫಾಕ್ಸ್‌ಕಾನ್ ಕಂಪನಿಗಳು ಇದಕ್ಕಾಗಿ ಒತ್ತಾಯ ತಂದಿದ್ದವೆಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಆ ಮಾರ್ಚಿಯಲ್ಲಿ ಬರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ದೇವನಹಳ್ಳಿಯ ನೆರೆಯ ಶಿಡ್ಲಘಟ್ಟದಲ್ಲಿಯೇ ಜನಿಸಿದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಕರೆಯಿತ್ತರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಅಧ್ಯಕ್ಷರ 90 ಗಂಟೆಯ ಮಾತು ಪ್ರಚಾರಕ್ಕೆ ಬಂತು. ಹರಾಜಿನ ಕೂಗಿನಂತೆ ಗಂಟೆಗಳು ಏರುತ್ತಿರುವಾಗ, ಹೊರುವವನನ್ನು ಕೇಳಿದವರು ಯಾರು?

ವಾರದಲ್ಲಿ 168 ಗಂಟೆಗಳಿವೆ. ಆರು ದಿನಗಳಲ್ಲಿ 70 ಗಂಟೆ ತುಂಬಿಸಬೇಕಾದರೆ ದಿನಕ್ಕೆ 11 ಗಂಟೆ 40 ನಿಮಿಷ ದುಡಿಯಬೇಕು. ಬೆಂಗಳೂರಿನ ರಸ್ತೆಗಳಲ್ಲಿ ಹೋಗಿ ಬರಲು ಮೂರು ಗಂಟೆ, ನಿದ್ರೆಗೆ ಏಳು ಗಂಟೆ ಎಂದಿಟ್ಟುಕೊಂಡರೆ ಉಳಿಯುವುದು ಎರಡು ಗಂಟೆ 20 ನಿಮಿಷ. ಸ್ನಾನ, ಅಡುಗೆ, ಊಟ, ಬಟ್ಟೆ ಒಗೆತ, ಹೆತ್ತವರೊಡನೆ ಮಾತು, ಮಕ್ಕಳ ಪಾಠ, ದೇವದರ್ಶನ, ಸ್ವಾಧ್ಯಾಯ ಎಲ್ಲವೂ ಅಷ್ಟರಲ್ಲಿಯೇ ಆಗಬೇಕು. ಸಾಮಾಯಿಕಕ್ಕೆ ಬೇಕಾದ 48 ನಿಮಿಷಗಳನ್ನು ಯಾವ ಜೇಬಿನಿಂದ ತೆಗೆಯುವುದು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು, ಹೃದಯಾಘಾತದಂಥ ಕಾಯಿಲೆಯಿಂದ ಸಾಯುವ ಅಪಾಯ ನೂರಕ್ಕೆ 17ರಷ್ಟು ಹೆಚ್ಚು. ಅತಿಭಾರವನ್ನು ಹಿಂಸೆಯ ಪಟ್ಟಿಗೆ ಸೇರಿಸಿದ ಆಚಾರ್ಯರಿಗೆ ಈ ಅಂಕಿಗಳು ಬೇಕಾಗಿರಲಿಲ್ಲ. ಇಂದಿನವರಿಗೆ ಅಂಕಿಗಳಿದ್ದೂ ಸಾಲದಾಗಿವೆ.

ಇನ್ನು ಅಳತೆಗೋಲಿನ ವಿಚಾರ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೊಂದುಂಟು. ಕೊಳ್ಳುವಾಗ ದೊಡ್ಡ ಸೇರು, ಕೊಡುವಾಗ ಚಿಕ್ಕ ಸೇರು ಬಳಸುವುದೇ ಅದು. ತಕ್ಕಡಿ ಹಿಡಿದು ಬದುಕಿದ ವ್ಯಾಪಾರಿಗಳಿಗೆ ಇದರಷ್ಟು ನಾಚಿಕೆಯ ಆರೋಪ ಬೇರೊಂದಿಲ್ಲ. ಈಗ ಒಂದು ಚಿಕ್ಕ ಲೆಕ್ಕ. ತಿಂಗಳಿಗೆ 18,000 ರೂಪಾಯಿ ಪೂರ್ತಿ ವೇತನವೆಂದೇ ಹಿಡಿದರೆ, ದಿನಕ್ಕೆ 8 ಗಂಟೆಯಂತೆ 26 ದಿನಗಳಿಗೆ 208 ಗಂಟೆ. ಗಂಟೆಗೆ ಸುಮಾರು 86 ರೂಪಾಯಿ 50 ಪೈಸೆ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೊಡಬೇಕೆಂಬುದು ಕಾನೂನು. ದಿನಕ್ಕೊಂದು ಗಂಟೆ ದುಡಿಸಿ ದಾಖಲೆಗೆ ಹಾಕದೆ ಹೋದರೆ ತಿಂಗಳಿಗೆ 4,500 ರೂಪಾಯಿ, ಅಂದರೆ ವೇತನದ ಕಾಲು ಭಾಗ ಕೈಬಿಟ್ಟುಹೋಗುತ್ತದೆ. ಕಿರಾಣಿ ಅಂಗಡಿಯವನು ಕಿಲೋ ಸಕ್ಕರೆಗೆ ಕಾಲು ಕಿಲೋ ಕಡಿಮೆ ತೂಗಿದರೆ ಬೀದಿಯವರು ಅವನನ್ನು ಕಳ್ಳನೆನ್ನುತ್ತಾರೆ, ತೂಕ ಅಳತೆಯ ಇಲಾಖೆ ದಂಡ ಹಾಕುತ್ತದೆ. ಕಾಲವನ್ನು ಕಡಿಮೆ ತೂಗುವವನಿಗೆ ದಕ್ಷ ಆಡಳಿತಗಾರನೆಂಬ ಬಿರುದು ದೊರೆಯುತ್ತದೆ. ಅದೇ ಹುಡುಗಿ ಜೋಡಿಸಿದ ಐಫೋನ್ 17 ಮಾರುಕಟ್ಟೆಗೆ ಬಂದಾಗ ಅದರ ಆರಂಭಿಕ ಬೆಲೆ 82,900 ರೂಪಾಯಿ. ನಾಲ್ಕೂವರೆ ತಿಂಗಳ ವೇತನವನ್ನು ಒಂದು ಕಾಸೂ ಮುಟ್ಟದೆ ಕೂಡಿಟ್ಟರೂ ಅದನ್ನು ಕೊಳ್ಳಲು ಸಾಲದು.

ಅನ್ನಪಾನನಿರೋಧಕ್ಕೂ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಇದೇ ಫಾಕ್ಸ್‌ಕಾನ್ ಕಂಪನಿಯ ತಮಿಳುನಾಡಿನ ಶ್ರೀಪೆರಂಬುದೂರಿನ ಕಾರ್ಖಾನೆಗೆ ದುಡಿಯುತ್ತಿದ್ದ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ 2021ರ ಡಿಸೆಂಬರಿನಲ್ಲಿ ಆಹಾರ ಕೆಟ್ಟು, 159 ಮಂದಿ ಆಸ್ಪತ್ರೆ ಸೇರಿದರು. ಅವರ ಜೊತೆಗಾತಿಯರು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತ ಮೇಲೆಯೇ ಜಗತ್ತಿಗೆ ಸುದ್ದಿಯಾಯಿತು. ವಸತಿ, ಊಟಗಳ ಏರ್ಪಾಡು ಮಟ್ಟಕ್ಕೆ ತಕ್ಕಂತಿಲ್ಲವೆಂದು ಆಪಲ್ ಕಂಪನಿಯೇ ಒಪ್ಪಿಕೊಂಡು ಆ ಕಾರ್ಖಾನೆಯನ್ನೂ ಪರಿವೀಕ್ಷಣೆಗೆ ಒಳಪಡಿಸಿತು. ದೇವನಹಳ್ಳಿಯ ಸುತ್ತಮುತ್ತ ಇಂದು ಮೇಲೇಳುತ್ತಿರುವ ಬಾಡಿಗೆ ವಸತಿಗಳ ಮಾಲೀಕರು ಈ ಸಂಗತಿಯನ್ನು ಮನದಲ್ಲಿಟ್ಟುಕೊಳ್ಳುವುದು ಲೇಸು.

ಇದಕ್ಕೆ ಎದುರಾಗಿ ಕೆಲವು ಆಕ್ಷೇಪಗಳು ಬರುವುದುಂಟು. ಮೊದಲನೆಯದು, ಹಿರಿಯರು ಅಂಗಡಿಯಲ್ಲಿ ಹದಿನಾಲ್ಕು ಗಂಟೆ ಕುಳಿತೇ ಮನೆತನ ಕಟ್ಟಿದರಲ್ಲವೇ ಎಂಬುದು. ಹೌದು, ಕುಳಿತರು. ಆದರೆ ಅಂಗಡಿಯ ಬೀಗದ ಕೈ ಅವರ ಸೊಂಟದಲ್ಲಿತ್ತು. ಬಾಯಾರಿದರೆ ನೀರು ಕುಡಿದರು. ಪರ್ವದಿನ ಬಂದರೆ ಬಾಗಿಲು ಹಾಕಿ ಬಸದಿಗೆ ಹೋದರು. ಸೂರ್ಯಾಸ್ತಕ್ಕೆ ಮುನ್ನ ಮನೆಗೆ ಹೋಗಿ ಊಟ ಮಾಡಿ ಬಂದರು. ವರ್ಷದ ಕೊನೆಯ ಲಾಭ ಅವರದೇ ಪುಸ್ತಕಕ್ಕೆ ಜಮೆಯಾಯಿತು. ಚಲಿಸುವ ಪಟ್ಟಿಯ ಮುಂದೆ ನಿಂತವಳಿಗೆ ಶೌಚಕ್ಕೆ ಹೋಗಲೂ ಮತ್ತೊಬ್ಬರ ಅಪ್ಪಣೆ ಬೇಕು. ತನಗಾಗಿ ದುಡಿದವನ ಗಂಟೆಯನ್ನು ಇನ್ನೊಬ್ಬರಿಗಾಗಿ ದುಡಿಯುವವಳ ಗಂಟೆಗೆ ಹೋಲಿಸುವುದು, ಸ್ವಇಚ್ಛೆಯ ಉಪವಾಸವನ್ನು ಬಡವನ ಹಸಿವಿಗೆ ಹೋಲಿಸಿದಂತೆ.

ಎರಡನೆಯ ಆಕ್ಷೇಪ, ಕಟ್ಟುನಿಟ್ಟು ಹೆಚ್ಚಾದರೆ ಕಂಪನಿಗಳು ತಮಿಳುನಾಡಿಗೋ ವಿಯೆಟ್ನಾಮಿಗೋ ಹೊರಟುಹೋಗುತ್ತವೆ, ಇರುವ ಅನ್ನಕ್ಕೂ ಕಲ್ಲು ಬೀಳುತ್ತದೆ ಎಂಬುದು. ಈ ಭಯದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಇಲ್ಲಿ ಬೇಡುತ್ತಿರುವುದೇನು? ಹೇಳಿದ ಸಂಬಳವನ್ನು ಹೇಳಿದ ದಿನ ಕೊಡುವುದು, ದುಡಿದ ಗಂಟೆಯನ್ನು ಬರೆದಿಡುವುದು, ಮೈಗೆ ಮಿತಿಯುಂಟೆಂದು ಒಪ್ಪುವುದು. ಇಷ್ಟರಿಂದ ಓಡಿಹೋಗುವ ಕಂಪನಿ ಇದ್ದರೆ ಅದು ಇದ್ದೂ ಪ್ರಯೋಜನವಿಲ್ಲ. ನರಸಾಪುರದಲ್ಲಿ ಒಂದು ಬೆಳಗಿನಲ್ಲಿ ಆದ ಕೋಟಿಗಟ್ಟಲೆ ನಷ್ಟದ ಮುಂದೆ, ಹಾಜರಾತಿ ಯಂತ್ರವನ್ನು ಸರಿಪಡಿಸುವ ಖರ್ಚು ಎಷ್ಟರದು? ಅಧರ್ಮ ಅಗ್ಗವೆಂದು ತೋರುವುದು ಬಿಲ್ಲು ಬರುವವರೆಗೆ ಮಾತ್ರ.

ಮೂರನೆಯದು, ಇದೆಲ್ಲ ತೈವಾನಿನವರ, ಅಮೆರಿಕದವರ ವಿಚಾರ. ಸಮಾಜಬಾಂಧವರಿಗೆ ಸಂಬಂಧವೇನು ಎಂಬುದು. ಇದೇ ಎಲ್ಲಕ್ಕಿಂತ ಅಪಾಯಕಾರಿಯಾದ ಮಾತು. ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಾಗಿ ಪಾಪಾಸ್ರವವನ್ನು ಎಣಿಸುವ ಧರ್ಮದಲ್ಲಿ ಹುಟ್ಟಿದವರು ಹೀಗೆನ್ನಲಾಗದು. ಕಾರ್ಖಾನೆಗೆ ಜನರನ್ನು ಒದಗಿಸುವ ಗುತ್ತಿಗೆದಾರನು, ವಸತಿಗೃಹ ಕಟ್ಟಿಸಿ ಕೊಠಡಿಗೆ ಎಂಟು ಮಂಚ ಹಾಕಿಸುವವನು, ಊಟ ಸರಬರಾಜು ಮಾಡುವವನು, ವೇತನ ಪಟ್ಟಿಗೆ ಸಹಿ ಹಾಕುವ ಲೆಕ್ಕಾಧಿಕಾರಿ, ಷೇರಿನ ಬೆಲೆ ಏರಿದ ದಿನ ಸಿಹಿ ಹಂಚುವವನು, ಇವರಲ್ಲಿ ಶ್ರಾವಕರೇ ಇಲ್ಲವೆಂದು ಯಾರು ಹೇಳಬಲ್ಲರು? ಪಿಂಜರಾಪೋಳಕ್ಕೆ ದೇಣಿಗೆ ಕೊಟ್ಟು ಮುದಿ ಎತ್ತಿಗೆ ನೆರಳು ಮಾಡಿಕೊಟ್ಟವನು, ಇಪ್ಪತ್ತು ವರ್ಷದ ಹುಡುಗಿಯನ್ನು ರಾತ್ರಿ ಪಾಳಿಯಲ್ಲಿ ಹನ್ನೆರಡು ಗಂಟೆ ನಿಲ್ಲಿಸುವ ಒಪ್ಪಂದದಲ್ಲಿ ಲಾಭ ಎಣಿಸಿದರೆ, ಅವನ ಕರುಣೆ ಅರ್ಧ ದಾರಿಯಲ್ಲಿಯೇ ನಿಂತಿತೆನ್ನಬೇಕು.

ಕಾನೂನು ಮಾಡಬಹುದಾದುದನ್ನು ಒಂದಷ್ಟು ಮಾಡಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳ ಪ್ರಕಾರ, ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ನೇಮಕದ ಪತ್ರ ಕೊಡಬೇಕು. ಮಾಸಿಕ ವೇತನವನ್ನು ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಪಾವತಿ ಮಾಡಬೇಕು. ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಬೇಕು, ಇಮ್ಮಡಿ ದರ ಸಲ್ಲಬೇಕು. ಗುತ್ತಿಗೆದಾರನು ವೇತನ ಕೊಡದೆ ಹೋದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮವಂತೂ 1970ರ ಕಾಯಿದೆಯ ಕಾಲದಿಂದಲೂ ಇದ್ದದ್ದೇ. ಆದರೆ ಒಪ್ಪಿಗೆ ಎಂಬ ಶಬ್ದವನ್ನು ಕಾಗದದಲ್ಲಿ ಬರೆಸಿಕೊಳ್ಳುವುದು ಸುಲಭ. ಮನೆಯಲ್ಲಿ ಸಾಲವಿರುವ ಹುಡುಗಿ ಇಲ್ಲವೆನ್ನುವಳೇ? ರಾಜ್ಯದ ಕಟ್ಟಳೆಯನ್ನು ಮೀರುವುದೂ ಒಂದು ಅತಿಚಾರವೆಂದು ಆಚಾರ್ಯರು ಹೇಳಿದ್ದಾರೆ. ಕಟ್ಟಳೆಯ ಅಕ್ಷರವನ್ನು ಉಳಿಸಿಕೊಂಡು ಅದರ ಜೀವವನ್ನು ತೆಗೆಯುವುದು ಇನ್ನೂ ಸೂಕ್ಷ್ಮವಾದ ಅತಿಚಾರ.

ಆದುದರಿಂದ ಪ್ರತಿಯೊಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿ ಮಾಡಬೇಕಾದುದು ಸ್ಪಷ್ಟವಾಗಿದೆ. ಮಕ್ಕಳನ್ನು ದೊಡ್ಡ ಕಂಪನಿಗೆ ಕಳುಹಿಸುವ ತಂದೆತಾಯಿಗಳು ಸಂಬಳ ಎಷ್ಟೆಂದು ಕೇಳುವ ಮುನ್ನ ಗಂಟೆ ಎಷ್ಟೆಂದು ಕೇಳಲಿ. ನೇಮಕದ ಪತ್ರವನ್ನು ಓದಿ ನೋಡಲಿ. ಕೆಲಸ ಬಿಟ್ಟು ಮನೆಗೆ ಬಂದ ಮಗನನ್ನು ಹೇಡಿಯೆಂದು ಹಳಿಯದಿರಲಿ. ಗುತ್ತಿಗೆದಾರನು ಹೇಳಿದ ಸಂಬಳವನ್ನೇ ಬರೆದುಕೊಡಲಿ, ಬರೆದುದನ್ನೇ ಪಾವತಿ ಮಾಡಲಿ. ವಸತಿಗೃಹದ ಒಡೆಯನು ವಾರಕ್ಕೊಮ್ಮೆ ಅಲ್ಲಿಯ ಊಟವನ್ನು ತಾನೇ ಉಂಡು ನೋಡಲಿ. ಷೇರುದಾರನು ವಾರ್ಷಿಕ ಸಭೆಯಲ್ಲಿ ಲಾಭಾಂಶದ ಪ್ರಶ್ನೆಯೊಡನೆ ಪಾಳಿಯ ಪ್ರಶ್ನೆಯನ್ನೂ ಕೇಳಲಿ. ಪರಿಗ್ರಹಕ್ಕೆ ಪರಿಮಾಣ ವಿಧಿಸಿದ ಧರ್ಮವು, ಇನ್ನೊಬ್ಬರ ಆಯುಷ್ಯವನ್ನು ಸಂಗ್ರಹಿಸುವುದಕ್ಕೆ ಪರಿಮಾಣ ವಿಧಿಸದೆ ಬಿಟ್ಟಿಲ್ಲ.

ನೀರನ್ನು ಸೋಸಿ ಕುಡಿಯುವ ಕೈ, ವೇತನದ ಪಟ್ಟಿಯನ್ನೂ ಸೋಸಿದ ಮೇಲೆಯೇ ಸಹಿ ಹಾಕಲಿ.